ಬಲಗಾಲು ಮಡಚದ ಆಸನ

ಆ ದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಚಳಿ ಇತ್ತು. ನನ್ನ ಹೆಂಡತಿ ಕೌದಿಯನ್ನು ಮಡಚಿ ಹಾಸಿ, ನೀರಿನ ಟ್ಯಾಂಕಿಗೆ ಮೊಬೈಲು ಆನಿಸಿಟ್ಟು, ಅದರಲ್ಲಿ ಹೇಳಿದಂತೆ ಯೋಗ ಮಾಡುತ್ತಿದ್ದಳು. ಕೌದಿ ಅವಳ ತವರೂರು ಮಸೂತಿಯಿಂದ ಬಂದದ್ದು. ಹಳೆಯ ಸೀರೆಗಳ ತುಂಡು ಕೂಡಿಸಿ ಅವಳ ತಾಯಿ ಹೊಲಿದದ್ದು. ನಾನು ಹಲ್ಲುಜ್ಜುತ್ತ ಮೆಟ್ಟಿಲ ಹತ್ತಿರ ನಿಂತಿದ್ದೆ. ಕೆಳಗೆ ನಮ್ಮ ಹಿಟ್ಟಿನ ಗಿರಣಿಯ ಮುಂದೆ ಯಾರೋ ಜೋಳದ ಡಬ್ಬಿ ಇಟ್ಟುಹೋದ ಸಪ್ಪಳ ಕೇಳಿಸಿತು.

"ಬರ್ರಿ, ಅರ್ಧಾ ಕೌದಿ ಬಿಟ್ಟೇನಿ," ಅಂದಳು, ಕಣ್ಣು ತೆರೆಯದೆ.

"ಗಿರಣ್ಯಾಗ ಪಾಳಿ ಹತ್ತೈತಿ."

"ಪಾಳಿ ದಿನಾ ಹತ್ತತೈತಿ. ಕುಂದರ್ರಿ ಸುಮ್ನ."

ಕೂತೆ. ಎಡಗಾಲು ಮಡಚಿಕೊಂಡಿತು. ಬಲಗಾಲನ್ನು ಎತ್ತಿ ಎಡತೊಡೆಯ ಮೇಲೆ ಇಡಲು ಹೋದರೆ ಅರ್ಧಕ್ಕೇ ನಿಂತಿತು. ವರ್ಷಾನುಗಟ್ಟಲೆ ಚೀಲ ಹೊತ್ತು ಬಿಗಿದ ಮೊಣಕಾಲು ಅದು. ಅವಳು ಕಣ್ಣು ತೆರೆದು ನೋಡಿ ನಕ್ಕಳು.

"ಎಡಗಾಲು ಬಡಪಾಯಿ, ಹೇಳಿದ್ದ ಕೇಳತೈತಿ. ಸೊಕ್ಕೆಲ್ಲಾ ಬಲಗಾಲಿಗೇ ಐತಿ ನೋಡ್ರಿ. ನಾಳಿಗೆ ಅದನ್ನ ನೋಡ್ಕೋತೇನಿ."

ಅವಳ ಕಾಲು ಹಾಗಿರಲಿಲ್ಲ. ಪಾದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರೆ ಬುಟ್ಟಿಗೆ ರೊಟ್ಟಿ ಹಾಕಿದಷ್ಟು ಸಲೀಸು. ಎಡ ಅಂಗೈಯನ್ನು ಮಡಿಲಲ್ಲಿ ತೆರೆದಿಟ್ಟು ಮತ್ತೆ ಕಣ್ಣು ಮುಚ್ಚಿದಳು. ನಾನು ಅಂಗಿ ಝಾಡಿಸಿಕೊಂಡು ಕೆಳಗೆ ಹೋಗಿ ಗಿರಣಿ ಚಾಲೂ ಮಾಡಿದೆ.

ಆ ದಿನದಲ್ಲಿ ಬೇರೆ ವಿಶೇಷವೇನೂ ಇರಲಿಲ್ಲ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಸಂಜೆ ನಳ ಬರಲಿಲ್ಲವೆಂದು ಅವಳು ಓಣಿಯವರ ಜೊತೆ ನಿಂತು ಮಾತಾಡಿದಳು. ನಮಗೆ ಮಕ್ಕಳಿಲ್ಲ. ಸಿಂದಗಿಯ ಈ ಮನೆಯಲ್ಲಿ ಮೇಲೆ ನಾವಿಬ್ಬರು, ಕೆಳಗೆ ಗಿರಣಿ. ನನಗೆ ನೆನಪಿರುವುದು ಇಷ್ಟೇ.

ಮರುದಿನ ಬೆಳಿಗ್ಗೆ ನಾನು ಮಾಳಿಗೆಗೆ ಹೋಗಲಿಲ್ಲ. ಜೋಳದ ಗಿರಾಕಿಗಳು ಬೇಗ ಬಂದಿದ್ದರು. ಊಟದ ಹೊತ್ತಿಗಿಂತ ಮುಂಚೆ ಅವಳು ಗಿರಣಿಯ ಬಾಗಿಲಿಗೆ ಬಂದು ಎದೆಯ ಮೇಲೆ ಕೈಯಿಟ್ಟು ನಿಂತಳು.

"ಯಾಕೋ ಉಸಿರು ಸಾಲವಲ್ದು."

ಓಣಿಯವರೊಬ್ಬರ ಗಾಡಿ ಸಿಕ್ಕಿತು. ವಿಜಯಪುರಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದೇವರ ಹಿಪ್ಪರಗಿ ಮುಟ್ಟುವ ಮೊದಲೇ ನನ್ನ ಕೈ ಹಿಡಿದಿದ್ದ ಅವಳ ಕೈ ಸಡಿಲಾಯಿತು. ಅಲ್ಲಿಯ ದವಾಖಾನೆಯ ಡಾಕ್ಟರರು ಗಾಡಿಯ ಹತ್ತಿರವೇ ಬಂದು ನೋಡಿದರು. ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು.

ಇಂಡಿಯಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ಅವಳು ಒಂದು ಸಲ ಜೋರಾಗಿ ಅತ್ತಳು. ನಂತರ ದನಿ ಬದಲಾಯಿತು.

"ತಮ್ಮಾ, ಅಳೂದು ಆಮ್ಯಾಲ. ಊರು ಮುಟ್ಟೂದ್ರಾಗ ಕಾಲು ಬಿಗೀತಾವು. ಗಾಡ್ಯಾಗೇ ಮಡಚು. ಕೇಳ್ಸಾಕತ್ತೈತೇನು? ಆಮ್ಯಾಲ ಕುಂದ್ರಸಾಕ ಬರೂದಿಲ್ಲ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ವಿಭೂತಿ ಹಚ್ಚಿ, ಗೋಡೆಗೆ ಆನಿಸಿ, ಪದ್ಮಾಸನ ಹಾಕಿಸಿ ಕೂಡಿಸುತ್ತೇವೆ. ಮಣ್ಣಿನಲ್ಲಿ ಇಡುವುದೂ ಹಾಗೆಯೇ, ಕೂತ ಹಾಗೆ, ಎಡ ಅಂಗೈಯಲ್ಲಿ ಲಿಂಗ ಇಟ್ಟು. ಚಿಕ್ಕಂದಿನಿಂದ ನೋಡಿದ್ದೇನೆ. ಅದರಲ್ಲಿ ಅಂಜಿಕೆಯದೇನೂ ಇಲ್ಲ ಎಂದೇ ತಿಳಿದಿದ್ದೆ. ಆದರೆ ಕಾಲು ಮಡಚುವ ಕೆಲಸ ಯಾವಾಗಲೂ ಬೇರೆ ಯಾರೋ ಹಿರಿಯರು ಮಾಡುತ್ತಿದ್ದರು. ಆ ಗಾಡಿಯಲ್ಲಿ ನಮ್ಮವರೆಂದು ನಾನೊಬ್ಬನೇ ಇದ್ದೆ. ಡ್ರೈವರು ಜಾಲಿಗಿಡದ ಕೆಳಗೆ ಗಾಡಿ ನಿಲ್ಲಿಸಿ ಆಚೆ ಮುಖ ಮಾಡಿ ನಿಂತ.

ಎಡಗಾಲು ಮಡಚಿದೆ. ಆಮೇಲೆ ಬಲಗಾಲಿನ ಹರಡು, ಪಾದದ ಮೇಲಿನ ಗಂಟು, ಹಿಡಿದು ಎತ್ತಿದೆ. ಬಿಗಿ ಇರಲಿಲ್ಲ. ದಿನಾ ಬೆಳಿಗ್ಗೆ ಮಡಚಿದ ಕಾಲು, ನನ್ನ ಕೈಗೆ ಸ್ವಲ್ಪವೂ ತಡೆಯೊಡ್ಡದೆ ಬಂದು ತೊಡೆಯ ಮೇಲೆ ಕೂತಿತು. ಹಿಮ್ಮಡಿಗೆ ಮಾಳಿಗೆಯ ಸುಣ್ಣ ಹತ್ತಿತ್ತು. ಹೆಗಲ ಮೇಲಿನ ಟಾವೆಲಿನಿಂದ ಎರಡೂ ಕಾಲು ಕಟ್ಟಿ, ಎಡ ಅಂಗೈಯನ್ನು ಮಡಿಲಲ್ಲಿ ತೆರೆದಿಟ್ಟೆ. ಗಾಡಿ ತಿರುಗಿಸಿ ಸಿಂದಗಿ ದಾಟಿ ಮೋರಟಗಿಯ ಹಾದಿ ಹಿಡಿದೆವು. ನಮ್ಮ ಹೊಲ ಇರುವುದು ಅಲ್ಲಿ. ಕುಣಿಯೊಳಗೆ ಇಳಿದು ಅವಳನ್ನು ಕೂಡಿಸಿದವರಲ್ಲಿ ನಾನೂ ಒಬ್ಬ. ಮೇಲಿನಿಂದ ನೋಡಿದರೆ ಮಾಳಿಗೆಯ ಮೇಲೆ ಕೂತ ಹಾಗೆಯೇ ಕಾಣುತ್ತಿತ್ತು.

ತೊಂದರೆ ಶುರುವಾದದ್ದು ಕುಣಿಯ ಮೇಲೆ ಗದ್ದುಗೆ ಕಟ್ಟಿ ಎಲ್ಲರೂ ತಮ್ಮ ತಮ್ಮ ಊರಿಗೆ ಹೋದ ಮೇಲೆ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತೆ. ಎಡಗಾಲು ಮಡಚಿದೆ. ಬಲಗಾಲನ್ನು ಹತ್ತಿರ ಎಳೆದುಕೊಳ್ಳಲು ಹರಡಿಗೆ ಕೈ ಹಾಕಿದೆ. ಕೈಗೆ ಅದು ನನ್ನ ಕಾಲೆಂದು ತಿಳಿಯಲಿಲ್ಲ. ಎದೆಯನ್ನು ಯಾರೋ ಹಗ್ಗದಿಂದ ಬಿಗಿದಂತಾಯಿತು. ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಗೋಡೆ ಹಿಡಿದು ಎದ್ದು ನಿಂತ ಮೇಲೆ ಬಂತು.

ಮರುದಿನವೂ ಹಾಗೇ ಆಯಿತು. ಅಂದಿನಿಂದ ಪೂಜೆ ನಿಂತುಕೊಂಡೇ ಮಾಡಿದೆ. ಊಟ ಗಿರಣಿಯ ಸ್ಟೂಲಿನ ಮೇಲೆ. ನೆಂಟರ ಮನೆಗೆ ಹೋದರೆ ಪಂಕ್ತಿಗೆ ಕೂಡದೆ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಹೊರಗೆ ನಿಂತೆ. ಸಿಂದಗಿಯ ಡಾಕ್ಟರೊಬ್ಬರು ಎದೆಗೆ ವಯರು ಹಚ್ಚಿ ನೋಡಿದರು. "ಎದೀಗೇನೂ ಆಗಿಲ್ಲ. ಯೋಗ ಮಾಡ್ರಿ, ಉಸಿರಾಟದ್ದು," ಅಂದರು. ಅವರಿಗೇನು ಗೊತ್ತು.

ಅಕ್ಕ ತಿಂಗಳಿಗೊಮ್ಮೆ ಚೀಲದ ತುಂಬ ಲಿಂಬೆಹಣ್ಣು ಹೊತ್ತು ಇಂಡಿಯಿಂದ ಬರುತ್ತಿದ್ದಳು. ಒಂದು ಸಲ ಬಂದಾಗ ನಾನು ದೇವರ ಮುಂದೆ ನಿಂತದ್ದನ್ನು ನೋಡಿದಳು.

"ಏನಿದು, ಎಮ್ಮಿ ನಿಂತಂಗ? ಕುಂದ್ರಾಕ ಏನ್ ಧಾಡಿ?"

"ಮೊಣಕಾಲು ಅಕ್ಕಾ."

"ಮೊಣಕಾಲು ನನಗೂ ಅದಾವು. ವರ್ಷದ ಪೂಜಿಗೆ ಏನ್ ಮಾಡಾಂವ? ಗದ್ದಿಗಿ ಮುಂದ ಕುಂತು ಆಕಿ ಹೆಸರಿಲೆ ಲಿಂಗಪೂಜಿ ಮಾಡಬೇಕಾದಾಂವ ನೀನಽ. ಮಗ ಇದ್ದಿದ್ರ ಅಂವ ಕುಂದರ್ತಿದ್ದ. ಅಯ್ನೋರ ಮುಂದ ಸಂತ್ಯಾಗ ನಿಂತಂಗ ನಿಂದರ್ತೀಯೇನು?"

ನಾನು ಲಿಂಬೆಹಣ್ಣಿನ ಚೀಲ ಒಳಗಿಟ್ಟೆ. ಗಾಡಿಯಲ್ಲಿ ಮಡಚು ಅಂದವಳು ಅವಳೇ. ಆಗ ಬೇರೆ ಯಾರೂ ಹೇಳದ ಮಾತನ್ನು ಧೈರ್ಯ ಮಾಡಿ ಹೇಳಿದ್ದಳು. ಅದರಿಂದಲೇ ಹೀಗಾಗಿದೆ ಎಂದು ಅವಳ ಮುಖ ನೋಡಿ ಹೇಗೆ ಹೇಳಲಿ? ಆದರೆ ವರ್ಷದ ಪೂಜೆಯ ಮಾತು ಮಾತ್ರ ಎದೆಯಲ್ಲಿ ಕೂತಿತು. ಮಂದಿ ಏನಂದಾರು ಎಂದಲ್ಲ. ತೀರಿಕೊಂಡವಳಿಗೆ ನಾನು ಮಾಡಬಹುದಾದದ್ದು ಅದೊಂದೇ ಉಳಿದಿತ್ತು. ಅದರ ನಡುವೆ ಉಸಿರು ಸಿಕ್ಕಿಕೊಂಡು ನಾನು ಎದ್ದು ಓಡಿದರೆ?

ಅದೇ ದಿನಗಳಲ್ಲಿ ನಮ್ಮ ಓಣಿಯ ಆಚೆಗಿನ ಕಲ್ಯಾಣ ಮಂಟಪದಲ್ಲಿ ಬೆಳಗಿನ ಯೋಗ ಶಿಬಿರ ನಡೆದಿತ್ತು. ಹೇಳಿಕೊಡುವವರು ಮುದ್ದೇಬಿಹಾಳದ ಕಡೆಯವರು, ನಿವೃತ್ತ ಡ್ರಿಲ್ ಮಾಸ್ತರರು. ಸಿಂದಗಿಯಲ್ಲಿದ್ದ ಮಗಳ ಮನೆಯಲ್ಲಿ ಉಳಿದಿದ್ದರು. ನಾನು ಹಿಂದಿನ ಸಾಲಿನಲ್ಲಿ ಜಾಗ ಹಿಡಿದೆ.

"ಎಲ್ಲಾರೂ ಪದ್ಮಾಸನದಾಗ ಕುಂದರ್ರಿ. ಆಗದವರು ಬರೇ ಕಾಲು ಮಡಚಿ ಕುಂದರ್ರಿ. ಬೆನ್ನು ನೆಟ್ಟಗ, ಕಣ್ಣು ಮುಚ್ಚರಿ."

ಎಲ್ಲರೂ ಕೂತರು. ಸಾಲು ಸಾಲಾಗಿ, ಕಾಲು ಮಡಚಿ, ಕಣ್ಣು ಮುಚ್ಚಿ, ಅಂಗೈ ತೆರೆದು. ಅಷ್ಟೂ ಜನ ಗೋಡೆಗೆ ಆನಿಸಿ ಕೂಡಿಸಿದವರ ಹಾಗೆ ಕಂಡರು. ನಾನು ನಿಂತೇ ಉಳಿದೆ.

"ಯಾಕ್ರೀ ಯಜಮಾನ್ರ, ಬಸ್ಸು ಕಾಯಾಕತ್ತೀರೇನು?" ಅಂದರು ಮಾಸ್ತರರು. ಎಲ್ಲರೂ ಒಂದು ಕಣ್ಣು ತೆರೆದು ನಕ್ಕರು. ನಾನು ಗೋಡೆಯ ಹತ್ತಿರ ಕಾಲು ಚಾಚಿ ಕೂತೆ.

ಕೊನೆಗೆ ಶವಾಸನ ಬಂತು. ಅಂಗಾತ ಮಲಗಿ ಮೈ ಸಡಿಲ ಬಿಡಬೇಕು. ಮುಂದಿನ ಸಾಲಿನ ಮುದುಕರೊಬ್ಬರು ಒಪ್ಪಲಿಲ್ಲ.

"ಮಾಸ್ತರ್ರ, ಮುಂಜಾನೆ ಎದ್ದು ಹೆಣದಂಗ ಮಲಗಾಕ ಇಲ್ಲಿತನಕಾ ಬರಬೇಕೇನ್ರಿ? ಮನ್ಯಾಗ ನಮ್ಮಾಕಿ ದಿನಾ ಹಂಗಽ ಅಂತಾಳ ನನಗ."

ಮಂಟಪವೆಲ್ಲ ನಕ್ಕಿತು. ಅವರು ಕಡೆಗೂ ಮಲಗಲಿಲ್ಲ. ನಾನು ಮಲಗಿದೆ. ಅಂಜಿಕೆ ಆಗಲಿಲ್ಲ. ನನ್ನ ಕಣ್ಣಲ್ಲಿದ್ದ ಸಾವು ಮಲಗಿರಲಿಲ್ಲ, ಕೂತಿತ್ತು. ಎಷ್ಟೋ ದಿನಗಳ ಮೇಲೆ ಉಸಿರು ಹೊಟ್ಟೆಯ ತನಕ ಹೋಗಿ ಬಂತು.

ಅದೇ ಆಸೆಗೆ ಮರುದಿನವೂ ಹೋದೆ. ಆ ದಿನ ಎಡಗಾಲು ಮಡಚಿ, ಬಲಗಾಲು ಅರ್ಧ ಎತ್ತಿ, ಹೇಗೋ ಕಣ್ಣು ಮುಚ್ಚಿ ಕೂತಿದ್ದೆ. ಹಿಂದಿನಿಂದ ಯಾರೋ ನನ್ನ ಬಲ ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಗೆ ಒತ್ತಿದರು. ಇನ್ನೊಂದು ಕೈ ಹರಡು ಹಿಡಿಯಿತು.

"ಸಡಿಲ ಬಿಡ್ರಿ, ಬರ್ತೈತಿ, ಬರ್ತೈತಿ..."

ನಾನು ಅವರ ಕೈಯನ್ನು ತಳ್ಳಿದೆ. ಮಾಸ್ತರರು ಹಿಂದಕ್ಕೆ ಕೂತುಬಿಟ್ಟರು. ಬಾಗಿಲ ತನಕ ಹೇಗೆ ಬಂದೆನೋ ತಿಳಿಯದು. ಮನೆಗೆ ಬಂದು ನೋಡಿದರೆ ಕಾಲಲ್ಲಿ ಬೇರೆಯವರ ಚಪ್ಪಲಿ.

ಮರುದಿನ ಮಾಸ್ತರರು ಗಿರಣಿಗೇ ಬಂದರು. ಒಂದು ಕೈಯಲ್ಲಿ ಜೋಳದ ಡಬ್ಬಿ, ಇನ್ನೊಂದರಲ್ಲಿ ನನ್ನ ಚಪ್ಪಲಿ. ನಾನು ಜೋಳ ಸುರಿದೆ. ಗಿರಣಿಯ ಸಪ್ಪಳದಲ್ಲಿ ಅವರು ಒದರಿ ಕೇಳಿದರು.

"ನಿನ್ನೆ ಮೊಣಕಾಲು ಭಾಳ ನೋಯಿಸಿದ್ನೇನ್ರಿ?"

ಆ ಸಪ್ಪಳ ಇದ್ದದ್ದರಿಂದ ನನಗೆ ಹೇಳಲು ಬಂತು. ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲ.

"ಮೊಣಕಾಲಲ್ರಿ. ನನ್ನ ಹೆಂಡತಿ ತೀರಿಕೊಂಡಾಗ ಆಕಿ ಕಾಲು ನಾನಽ ಮಡಚೇನ್ರಿ. ಗಾಡ್ಯಾಗ. ಈ ಕೈಲೆ."

ಅವರು ಹಿಟ್ಟು ಬೀಳುವ ತನಕ ಬಾಗಿಲಿಗೆ ಒರಗಿ ನಿಂತರು. ಮೋಟರು ಬಂದ್ ಮಾಡಿದ ಮೇಲೆ ಅಂದರು:

"ನಮ್ಮಪ್ಪಂದು ನಾನೂ ಮಡಚೇನಿ. ಆದ್ರ ಇಷ್ಟು ವರ್ಷ ಮಂದೀಗೆ ಕುಂದ್ರೂದು ಕಲಿಸೀನಿ, ಅದೂ ಇದೂ ಒಂದಽ ಅಂತ ನನಗ ಒಮ್ಮಿನೂ ಅನಿಸಿಲ್ಲ ನೋಡ್ರಿ." ಡಬ್ಬಿ ಎತ್ತಿಕೊಂಡರು. "ನಾ ಸುಳ್ಳು ಹೇಳೂದಿಲ್ಲ. ನಾ ಕಲಿಸೂದು ಎಲ್ಲಾ ಕುಂದ್ರೂದ್ರಿಂದ ಚಾಲೂ ಆಗ್ತೈತಿ. ನಿಮ್ಮದು ಎಲ್ಲಿಂದ ಚಾಲೂ ಆಗ್ತೈತಿ ಅಂತ ನೀವಽ ನೋಡಕೋಬೇಕು. ಉಸಿರು ಸಿಕ್ಕೊಂಡಂಗ ಆದ್ರ ಅಲ್ಲೇ ಬಿಡ್ರಿ, ಹಟ ಮಾಡಬ್ಯಾಡ್ರಿ." ಮೆಟ್ಟಿಲು ಇಳಿಯುತ್ತ ಹಿಟ್ಟು ಮುಟ್ಟಿ ನೋಡಿದರು. "ತರಿ ತರಿ ಆಗೈತಿ. ರೊಟ್ಟಿ ಬಡಿಯೋ ಹೊತ್ತಿಗೆ ಮಗಳು ನನ್ನ ಬಡಿತಾಳ."

ಅವತ್ತಿನಿಂದ ನನ್ನ ಉಸಿರಿನ ಮೇಲೆ ಕಣ್ಣಿಟ್ಟೆ. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಸಲೀಸಾಗಿ ಹೋಗುತ್ತದೆ ಎಂದು. ಡಬ್ಬಿ ಎತ್ತಿ ಕಾಳು ಸುರಿಯಲು ಎರಡೂ ಕೈ ಮೇಲೆ ಹೋದಾಗ ಉಸಿರು ತಾನಾಗಿ ಒಳಗೆ ಬರುತ್ತಿತ್ತು. ಡಬ್ಬಿ ಇಳಿಸಿದಾಗ ತಾನಾಗಿ ಹೊರಗೆ ಹೋಗುತ್ತಿತ್ತು. ಇಷ್ಟು ವರ್ಷ ಅದೇ ಕೆಲಸ ಮಾಡಿದ್ದೆ, ಗಮನಿಸಿರಲಿಲ್ಲ. ಮೋಟರು ಹಚ್ಚುವ ಮೊದಲು, ಗಿರಣಿಯಲ್ಲಿ ಯಾರೂ ಇಲ್ಲದಾಗ, ಖಾಲಿ ಡಬ್ಬಿ ಹಿಡಿದು ಹಾಗೆ ಮಾಡತೊಡಗಿದೆ. ನಿಂತು, ನಿಧಾನ ಎತ್ತುವುದು, ನಿಧಾನ ಇಳಿಸುವುದು. ಅದಕ್ಕೆ ಯಾವ ಆಸನದ ಹೆಸರೂ ಇಲ್ಲ. ಬಾಗಿಲ ಸಂದಿಯಲ್ಲಿ ನೋಡಿದ ಪಕ್ಕದ ಮನೆಯಾಕೆ, "ಗಿರಣಿ ಯಜಮಾನ್ರು ಖಾಲಿ ಡಬ್ಬಿ ಬೀಸಾಕತ್ತಾರ," ಎಂದು ಓಣಿಗೆಲ್ಲ ಹೇಳಿದಳು.

ಆಮೇಲೆ ಮಾಳಿಗೆಗೆ ಹೋಗಲು ಧೈರ್ಯ ಬಂತು. ಕೌದಿ ಹಾಸಿ ಅಂಗಾತ ಮಲಗುತ್ತಿದ್ದೆ. ಮಲಗಿದಲ್ಲೇ ಒಂದೊಂದು ಕಾಲು ಮಡಚಿ ನೋಡಿದೆ. ಎಡಗಾಲು ಬಂತು. ಬಲಗಾಲೂ ನೆಲದ ಮೇಲೆ ಜಾರಿಸಿಕೊಂಡು ಅರ್ಧದ ತನಕ ಬಂತು. ಉಸಿರು ಸಿಕ್ಕಿಕೊಳ್ಳಲಿಲ್ಲ. ಆಗ ತಿಳಿಯಿತು, ಅಂಜುತ್ತಿದ್ದದ್ದು ಕಾಲಲ್ಲ, ಕೈ. ಹರಡನ್ನು ಕೈ ಹಿಡಿಯದಿದ್ದರೆ ಏನೂ ಆಗುವುದಿಲ್ಲ. ಆದರೆ ಕೂತಾಗ ನನ್ನ ಬಲಗಾಲು ಕೈಯ ಸಹಾಯವಿಲ್ಲದೆ ಮಡಚಿಕೊಳ್ಳುವುದಿಲ್ಲ. ಹಿಮ್ಮಡಿಯ ಮೇಲೆ ಕೂಡುವ ವಜ್ರಾಸನ ಈ ಮೊಣಕಾಲಿಗೆ ಆಗದ ಮಾತು. ಹೀಗಾಗಿ ಎಡಗಾಲು ಮಡಚಿ, ಬಲಗಾಲು ಮುಂದಕ್ಕೆ ಚಾಚಿ ಕೂಡುವುದನ್ನು ರೂಢಿಸಿಕೊಂಡೆ. ಕಣ್ಣು ಮುಚ್ಚುತ್ತಿರಲಿಲ್ಲ. ಎದುರು ಮನೆಯ ಆಂಟೆನಾದ ಮೇಲೆ ಕೂತ ಪಾರಿವಾಳ ನೋಡುತ್ತ ಉಸಿರು ಬಿಡುತ್ತಿದ್ದೆ.

ವರ್ಷದ ಪೂಜೆ ಹತ್ತಿರ ಬಂದಂತೆ ನನಗೆ ಅವಸರವಾಯಿತು. ಗದ್ದುಗೆಯ ಮುಂದೆ ಕಾಲು ಚಾಚಿ ಕೂಡುವುದು ಹೇಗೆ? ಒಂದು ಬೆಳಿಗ್ಗೆ ಹಟಕ್ಕೆ ಬಿದ್ದೆ. ಹಲ್ಲು ಕಚ್ಚಿ ಬಲಗಾಲಿನ ಹರಡು ಹಿಡಿದು ಎಳೆದೆ. ಜಾಲಿಗಿಡದ ನೆರಳು, ಹಿಮ್ಮಡಿಯ ಸುಣ್ಣ, ಎಲ್ಲ ಒಮ್ಮೆಲೇ ಬಂದವು. ಉಸಿರು ಮುಚ್ಚಿಕೊಂಡಿತು. ಒದರಲೂ ಬರಲಿಲ್ಲ. ಅಂಬೆಗಾಲಿಕ್ಕಿ ಟ್ಯಾಂಕಿನ ಹತ್ತಿರ ಹೋಗಿ ನಳದ ಕೆಳಗೆ ತಲೆಯೊಡ್ಡಿದೆ. ತಣ್ಣೀರು ಕುತ್ತಿಗೆಗೆ ಬಿದ್ದಾಗ ಉಸಿರು ಬಂತು, ಅದರ ಹಿಂದೆ ಅಳುವೂ ಬಂತು.

ತಲೆ ಎತ್ತಿದರೆ ಮೆಟ್ಟಿಲ ಹತ್ತಿರ ಅಕ್ಕ ನಿಂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ನನ್ನ ಕಾಲು ನೋಡಿದಳು, ಕೈ ನೋಡಿದಳು. ಬಯ್ಯಲಿಲ್ಲ. "ತಲಿ ಒರಸಿಕೋ, ಥಂಡಿ ಆಗ್ತೈತಿ," ಎಂದಷ್ಟೇ ಹೇಳಿ ಕೆಳಗೆ ಇಳಿದಳು.

ಪೂಜೆಯ ದಿನ ಮೋರಟಗಿಯ ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಗದ್ದುಗೆಯ ಮೇಲೆ ಹೂವು, ಬಿಲ್ವಪತ್ರೆ. ಮಂತ್ರ ಹೇಳುವ ಅಯ್ನೋರು ಬಂದು ಕೂತರು. ಬಂಧುಗಳೆಲ್ಲ ಸುತ್ತ ಕೂತರು. ನನಗಾಗಿ ಮುಂದೆ ಒಂದು ಜಾಗ ಬಿಟ್ಟಿದ್ದರು. ಕೂತೆ. ಎಡಗಾಲು ಮಡಚಿದೆ. ಬಲಗಾಲು ನೇರ ಗದ್ದುಗೆಯ ಕಡೆ ಚಾಚಿಕೊಂಡಿತು.

ಹಿಂದಿನಿಂದ ಗುಸುಗುಸು ಎದ್ದಿತು. ಕಾಕಾ ಒಬ್ಬರು ದೊಡ್ಡ ದನಿಯಲ್ಲೇ ಅಂದರು, "ಏ ತಮ್ಮಾ, ಕಾಲು ತಗೀ. ಗದ್ದಿಗಿ ಕಡೆ ಚಾಚತಾರೇನು ಯಾರರ?"

ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ನನ್ನ ಕೈ ತಾನಾಗಿ ಹರಡಿನ ಕಡೆ ಹೋಯಿತು. ಉಸಿರು ಗಿಡ್ಡ ಆಗತೊಡಗಿತು. ಎದ್ದರೆ ಪೂಜೆ ಕೆಟ್ಟೀತು. ಹಿಡಿದರೆ ಉಸಿರು ಕೆಟ್ಟೀತು. ಅಯ್ನೋರು ಮಂತ್ರ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

ಅಕ್ಕ ಎದ್ದು ಬಂದಳು. ಅವಳ ಕೈಯಲ್ಲಿ ಆ ಕೌದಿ ಇತ್ತು. ಸಿಂದಗಿಯಿಂದ ಯಾವಾಗ ಎತ್ತಿಕೊಂಡು ಬಂದಿದ್ದಳೋ ನನಗೆ ಗೊತ್ತಿರಲಿಲ್ಲ. ನನ್ನ ಹೆಗಲು ಹಿಡಿದು ಸ್ವಲ್ಪ ತಿರುಗಿಸಿದಳು. ಬಲಗಾಲು ಜೋಳದ ಸಾಲಿನ ಕಡೆಗಾಯಿತು. ಅದರ ಮೇಲೆ ಕೌದಿ ಹೊದಿಸಿ, ಅದರ ಅಂಚನ್ನು ತನ್ನ ಮೊಣಕಾಲ ಕೆಳಗೆ ಒತ್ತಿಕೊಂಡು ಪಕ್ಕದಲ್ಲೇ ಕೂತಳು.

"ಅವನ ಕಾಲು ನಾ ಕಾಯ್ತೇನಿ," ಅಂದಳು. "ನೀವು ನಿಮ್ಮ ಮಂತ್ರ ನೋಡಕೋರ್ರಿ, ಅಯ್ನೋರ. ಮತ್ತ ಕಾಕಾ, ನೀವು ನಿಮ್ಮ ಧೋತರ ನೋಡಕೋರ್ರಿ, ಬಿಚ್ಚೈತಿ."

ಕಾಕಾ ಗಾಬರಿಯಾಗಿ ಧೋತರ ಮುಟ್ಟಿ ನೋಡಿಕೊಂಡರು. ಯಾರೋ ನಕ್ಕರು. ಅಯ್ನೋರೂ ತುಟಿ ಒತ್ತಿ ಹಿಡಿದು ಮಂತ್ರ ಮುಂದುವರಿಸಿದರು. ನಾನು ಎಡ ಅಂಗೈಯಲ್ಲಿ ಲಿಂಗ ಹಿಡಿದೆ. ವಿಭೂತಿ ಹಚ್ಚುವಾಗ ಒಂದು ಕಡೆ ಉಸಿರು ಸಿಕ್ಕಿಕೊಂಡಿತು. ಖಾಲಿ ಡಬ್ಬಿ ಇಳಿಸುವುದನ್ನು ನೆನೆಸಿಕೊಂಡೆ. ಮೆಲ್ಲಗೆ ಹೊರಗೆ ಬಂತು. ಪತ್ರೆ ಏರಿಸಿ, ನೀರು ಬಿಟ್ಟು, ಕೊನೆಯ ತನಕ ಕೂತಿದ್ದೆ.

ಊಟವಾದ ಮೇಲೆ ಬದುವಿನ ಮೇಲೆ ನಡೆಯುವಾಗ ಅಕ್ಕ ಹಿಂದಿನಿಂದ ಕೇಳಿದಳು.

"ಗಾಡ್ಯಾಗ ಮಡಚು ಅಂತ ನಾನಽ ಅಂದಿದ್ದೆ. ಆಕಿ ಕಾಲು... ಭಾಳ ಬಿಗಿ ಆಗಿದ್ದುವೇನು?"

"ಇಲ್ಲಕ್ಕಾ. ಸಲೀಸು ಬಂದ್ವು."

ಅವಳು ಸೆರಗಿನಿಂದ ಮುಖ ಒರಸಿಕೊಂಡಳು. ಅದರ ಬಗ್ಗೆ ನಾವು ಮತ್ತೆ ಮಾತಾಡಿಲ್ಲ.

ಈಗ ದಿನಾ ಬೆಳಿಗ್ಗೆ ಗಿರಣಿಯಲ್ಲಿ ಖಾಲಿ ಡಬ್ಬಿ ಎತ್ತಿ ಇಳಿಸುತ್ತೇನೆ. ಆಮೇಲೆ ಮಾಳಿಗೆಗೆ ಹೋಗಿ ಕೌದಿಯ ಮೇಲೆ ಮಲಗುತ್ತೇನೆ, ಎಡಗಾಲು ಮಡಚಿ ಕೂಡುತ್ತೇನೆ, ಕೂತೇ ಲಿಂಗಪೂಜೆ ಮಾಡುತ್ತೇನೆ. ಮಾಸ್ತರರು ಒಮ್ಮೆ ಬಂದು ನೋಡಿ, ಈ ಆಸನ ಎಲ್ಲಿಯೂ ಇಲ್ಲ, ಆದರೂ ನಡೆಯುತ್ತದೆ ಅಂದರು. ಕೆಲವು ದಿನ ಕಣ್ಣನ್ನೂ ಮುಚ್ಚುತ್ತೇನೆ, ಸ್ವಲ್ಪ ಹೊತ್ತು.

ಬಲಗಾಲು ಇನ್ನೂ ಮಡಚುವುದಿಲ್ಲ. ನಾಳೆ ಅದನ್ನು ನೋಡಿಕೊಳ್ಳುತ್ತೇನೆ ಅಂದವಳು ಇಲ್ಲ.